ಅಗ್ಗದ ಕಾಗದದಲ್ಲಿ ಭಯಾನಕರಸ

ಅಮೆರಿಕೆಯ ಒಂದು ಜಾತಿಯ ಕಥಾಪತ್ರಿಕೆಗಳು ಮರದ ತಿರುಳಿನ ಅಗ್ಗದ ಕಾಗದದಲ್ಲಿ ಅಚ್ಚಾಗುತ್ತಿದ್ದುದರಿಂದ ಅವುಗಳಿಗೆ ‘ಪಲ್ಪ್’ ಎಂಬ ಹೆಸರು ಬಂದಿತು. 1923ರಲ್ಲಿ ಆರಂಭವಾದ ‘ವಿಯರ್ಡ್ ಟೇಲ್ಸ್’ ಭಯದ ಕಥೆಗಳಿಗೆ ಹೆಸರಾದುದು. ಇಂಥ ಕಥೆಗಳನ್ನು ವಿದ್ವಾಂಸರು ಬಹುಕಾಲ ಕಡೆಗಣಿಸಿದರು. ಆದರೆ ಕಾಗದದ ಬೆಲೆಯಿಂದ ಕಾವ್ಯದ ಬೆಲೆಯನ್ನು ಕಟ್ಟುವುದು ಉಚಿತವಲ್ಲ.

ಎಚ್. ಪಿ. ಲವ್‌ಕ್ರಾಫ್ಟನು 1921ರಲ್ಲಿ ಬರೆದ ‘ಎರಿಕ್ ಝಾನನ ಸಂಗೀತ’ವು 1925ರಲ್ಲಿ ಆ ಪತ್ರಿಕೆಯಲ್ಲಿ ಪ್ರಕಟವಾಯಿತು. ಮೂಕನಾದ ವೃದ್ಧ ವಾದಕನೊಬ್ಬನು ಮನೆಯ ಅಟ್ಟದಲ್ಲಿ ರಾತ್ರಿಯ ಹೊತ್ತು ತಂತಿವಾದ್ಯವನ್ನು ನುಡಿಸುತ್ತಿರುತ್ತಾನೆ. ತನ್ನನ್ನು ಕಾಡುವ ಭಯವೇನೆಂಬುದನ್ನು ಕೊನೆಗೆ ಹಾಳೆಗಳಲ್ಲಿ ಬರೆಯುತ್ತಾನೆ. ಕಿಟಕಿಯ ಗಾಜನ್ನೊಡೆದು ನುಗ್ಗಿದ ಗಾಳಿ ಅವನ್ನು ಹೊತ್ತೊಯ್ಯುತ್ತದೆ. ನಗರದ ದೀಪಗಳನ್ನು ಕಾಣುವೆನೆಂದು ಹೊರಗೆ ಇಣುಕಿದ ಕೆಳಮಹಡಿಯ ವಿದ್ಯಾರ್ಥಿಗೆ ಕಂಡುದು ಎಲ್ಲೆಯಿಲ್ಲದ ಅಂಧಕಾರ.

ರಕ್ತಮಾಂಸಗಳ ವರ್ಣನೆಯಿಂದ ಹುಟ್ಟುವುದು ಜುಗುಪ್ಸೆ. ಅದು ಬೀಭತ್ಸದ ಸ್ಥಾಯಿ. ಇಲ್ಲಿಯಾದರೋ ಭಯದೊಡನೆ ವಿಸ್ಮಯವು ಕೂಡಿಕೊಂಡಿದೆ. ಭಯದ ಕಾರಣವು ವಾಚ್ಯವಾಗದೆ ವ್ಯಂಗ್ಯವಾಗಿಯೇ ಉಳಿದುದರಿಂದ, ಗಾಳಿ ಒಯ್ದ ಹಾಳೆಗಳನ್ನು ಸಹೃದಯನು ತನ್ನ ಅಂಜಿಕೆಗಳಿಂದಲೇ ಬರೆದುಕೊಳ್ಳುತ್ತಾನೆ. ಲೋಕದ ಭಯವು ಮನುಷ್ಯನನ್ನು ಓಡಿಸುತ್ತದೆ. ಕಾವ್ಯದ ಭಯವು ಅವನನ್ನು ಮರಳಿ ಕಿಟಕಿಯ ಬಳಿಗೆ ಕರೆಯುತ್ತದೆ. ಈ ಕಥೆಗಳ ಆಕರ್ಷಣೆಯ ಗುಟ್ಟು ಇದೇ.

ದೋಷವಿಲ್ಲವೆಂದಲ್ಲ. ಬೇರೆ ಹಲವು ಕಥೆಗಳಲ್ಲಿ ಲವ್‌ಕ್ರಾಫ್ಟನು ‘ಭೀಕರ’, ‘ಅವರ್ಣನೀಯ’ ಎಂಬಂಥ ವಿಶೇಷಣಗಳನ್ನು ಮೇಲಿಂದಮೇಲೆ ಪೇರಿಸುತ್ತಾನೆ. ರಸವನ್ನು ಅದರ ಹೆಸರಿನಿಂದಲೇ ಹೇಳುವುದು ದೋಷವೆಂದು ಮಮ್ಮಟನು ಎಣಿಸಿರುವನಷ್ಟೆ. 1937ರಲ್ಲಿ ಆತನು ಬಡತನದಲ್ಲಿಯೇ ಮಡಿದನು. 2005ರಲ್ಲಿ ಆತನ ಕಥೆಗಳು ಅಮೆರಿಕೆಯ ಶ್ರೇಷ್ಠ ಲೇಖಕರ ಗ್ರಂಥಗಳನ್ನು ಹೊರತರುವ ‘ಲೈಬ್ರರಿ ಆಫ್ ಅಮೆರಿಕ’ ಮಾಲೆಯಲ್ಲಿ ಸೇರಿದುವು. ಕಾಗದವು ಜೀರ್ಣವಾದರೂ ರಸವು ಉಳಿದಿರುವುದು.