ಮೊಂಡು ಕತ್ತಿಯ ವೀರ

ತುರ್ಗೆನೀವನ ‘ರೂದಿನ್’ ಕಾದಂಬರಿ ಮೊದಲು ಅಚ್ಚಾದದ್ದು 1856ರಲ್ಲಿ. ಅದರ ನಾಯಕನನ್ನು ರಷ್ಯದ ವಿಮರ್ಶಕರು ಕೆಲಸಕ್ಕೆ ಬಾರದ ಮನುಷ್ಯರ ಸಾಲಿಗೆ ಸೇರಿಸಿದರು. ಕಾರಣವಿಲ್ಲದೆ ಇಲ್ಲ. ರೂದಿನ್ ಮಾತಿನ ಮಲ್ಲ. ಶ್ರೀಮಂತೆಯೊಬ್ಬಳ ಹಳ್ಳಿಮನೆಗೆ ಬಂದಿಳಿದು, ಸ್ವಾತಂತ್ರ್ಯ ತ್ಯಾಗಗಳನ್ನು ಕುರಿತ ತನ್ನ ವಾಗ್ಝರಿಯಿಂದ ಎಲ್ಲರನ್ನೂ ಮರುಳುಮಾಡುತ್ತಾನೆ. ಆ ಮನೆಯ ಮಗಳು, 17 ವರ್ಷದ ನತಾಲ್ಯ, ಮಾತನ್ನೆಲ್ಲ ನಂಬಿದವಳು, ಮನೆ ಬಿಟ್ಟು ಹೊರಡಲೂ ಸಿದ್ಧಳಾಗಿ ಕೆರೆಯ ಬಳಿ ಬಂದು, ತಾಯಿ ಒಪ್ಪಲಿಲ್ಲ, ಮುಂದೇನು ಎಂದು ಕೇಳುತ್ತಾಳೆ. ಮಣಿಯಬೇಕಾದದ್ದೇ ಎನ್ನುತ್ತಾನೆ ಮಹಾಶಯ!

ಇಲ್ಲಿಗೇ ಅವನ ಲೆಕ್ಕ ಮುಗಿಸಿಬಿಡುವ ಓದುಗರುಂಟು. ಆದರೆ ಕಾದಂಬರಿಯ ತಿರುಳಿರುವುದು ಉಪಸಂಹಾರದಲ್ಲಿ. ವರುಷಗಳು ಕಳೆದು, ಸಣ್ಣ ಊರಿನ ವಸತಿಗೃಹದಲ್ಲಿ ರೂದಿನ್ ಹಳೆಯ ಗೆಳೆಯ ಲೆಜ್ನೆವನನ್ನು ಸಂಧಿಸುತ್ತಾನೆ. ತಲೆ ನರೆತಿದೆ, ಕೋಟು ಹಳತಾಗಿದೆ. ಜಮೀನ್ದಾರನೊಬ್ಬನ ಬೇಸಾಯ ಸುಧಾರಿಸಹೋಗಿ ಕೆಟ್ಟ. ನದಿಯೊಂದನ್ನು ದೋಣಿ ಸಂಚಾರಕ್ಕೆ ಅನುವುಗೊಳಿಸಹೋಗಿ ಕೈಯಲ್ಲಿದ್ದ ಕೊನೆಯ ಕಾಸನ್ನೂ ಕಳೆದ. ಶಾಲೆಯಲ್ಲಿ ಉಪಾಧ್ಯಾಯನಾಗಿ ಅದನ್ನೂ ಬಿಡಬೇಕಾಯಿತು. ತನ್ನನ್ನು ಕೆಡಿಸಿದ್ದು ತನ್ನ ಮಾತೇ ಎಂದು ತಾನೇ ಒಪ್ಪುತ್ತಾನೆ. ಹಿಂದೆ ಇವನ ದೋಷಗಳನ್ನು ಒಂದೊಂದಾಗಿ ಎಣಿಸಿದ್ದ ಲೆಜ್ನೆವನೇ ಈಗ ಇವನನ್ನು ಗೌರವಿಸುತ್ತಾನೆ. ಜಮೀನ್ದಾರನ ಮನೆಯಲ್ಲಿ ತಲೆದೂಗಿಕೊಂಡಿದ್ದರೆ ಸುಖವಾಗಿ ಉಣ್ಣಬಹುದಿತ್ತಲ್ಲ! ಕೆರೆಯ ಬಳಿ ಕೈಕೊಟ್ಟ ಧೈರ್ಯ ಹೊಟ್ಟೆಪಾಡಿನ ಮುಂದೆ ಕೈಕೊಡಲಿಲ್ಲ.

ಕೊನೆಯ ಪುಟ 1860ರ ಆವೃತ್ತಿಯಲ್ಲಿ ಸೇರಿದ್ದು. 1848ರ ಜೂನ್ 26. ಪ್ಯಾರಿಸಿನ ಕಾರ್ಮಿಕರ ದಂಗೆ ಅಡಗುತ್ತಿರುವ ದಿನ. ಸಂಗಡಿಗರು ಓಡುತ್ತಿರುವಾಗ ರೂದಿನ್ ಒಂದು ಕೈಯಲ್ಲಿ ಕೆಂಪು ಬಾವುಟ, ಇನ್ನೊಂದರಲ್ಲಿ ಮೊಂಡು ಕತ್ತಿ ಹಿಡಿದು ಅಡ್ಡಗಟ್ಟೆಯ ಮೇಲೇರಿ ಗುಂಡಿಗೆ ಬೀಳುತ್ತಾನೆ. ಓಡುವವರು ಅವನನ್ನು ಪೋಲೆಂಡಿನವನೆಂದು ತಿಳಿಯುತ್ತಾರೆ. ಇದು ತೇಪೆಯೆಂದು ಆಕ್ಷೇಪಿಸಬಹುದು. ನನಗೆ ಹಾಗೆ ಕಾಣದು. ತುರ್ಗೆನೀವ್ ಆ ಕತ್ತಿಯನ್ನು ಹರಿತಮಾಡಲಿಲ್ಲ. ಸಾಯುವವನಿಗೆ ಅವನ ಹೆಸರನ್ನು ಸಹ ಉಳಿಸಲಿಲ್ಲ.

ರೂದಿನನಿಗೆ ಮಾದರಿಯಾದವನು ಬಕೂನಿನ್. ಬರ್ಲಿನ್ನಿನಲ್ಲಿ ತುರ್ಗೆನೀವನ ಜೊತೆ ಬಿಡಾರದಲ್ಲಿದ್ದವನು. ಕಾದಂಬರಿ ಹೊರಬಂದಾಗ ಅವನು ಸೆರೆಯಲ್ಲಿದ್ದ. 1851ರಲ್ಲಿ ಕೋಟೆಯಿಂದ ಜಾರ್ ನಿಕೋಲಾಸನಿಗೆ ಅವನು ಬರೆದ ತಪ್ಪೊಪ್ಪಿಗೆ 1921ರಲ್ಲಿ ಅಚ್ಚಾಯಿತು. ಅದರ ದೈನ್ಯವನ್ನು ಓದಿದರೆ ನಾಚಿಕೆಯಾಗುತ್ತದೆ. ಆದರೆ ಪರರ ಪಾಪಗಳನ್ನು ತನ್ನಿಂದ ಹೇಳಿಸಬೇಡಿರೆಂದೂ ಅದರಲ್ಲೇ ಬೇಡಿದ್ದಾನೆ. ಯೆಹೂದ್ಯರನ್ನು ಕುರಿತ ಅವನ ದ್ವೇಷದ ಬರಹಗಳನ್ನಂತೂ ಯಾವ ಅಭಿಮಾನಿಯೂ ತೊಳೆಯಲಾರ. ಅಂಥವನೇ 1861ರಲ್ಲಿ ಸೈಬೀರಿಯದಿಂದ ತಪ್ಪಿಸಿಕೊಂಡು, ಜಪಾನ್ ಅಮೆರಿಕಗಳನ್ನು ಸುತ್ತಿ ಲಂಡನ್ನಿಗೆ ಬಂದು, ಬಿಟ್ಟ ಕೆಲಸವನ್ನೇ ಮತ್ತೆ ಹಿಡಿದ.

ತುರ್ಗೆನೀವನಿಗೆ ಕ್ರಾಂತಿಯಲ್ಲಿ ನಂಬಿಕೆಯಿರಲಿಲ್ಲ. ಲೆಜ್ನೆವನ ಬಾಯಿಂದ ಬಂದ ಮೆಚ್ಚಿಕೆಗೆ ಅಷ್ಟು ತೂಕ ಬಂದದ್ದು ಅದರಿಂದಲೇ ಇರಬೇಕು. ಕಾನ್‌ಸ್ಟನ್ಸ್ ಗಾರ್ನೆಟ್ ಅವರ 1894ರ ಇಂಗ್ಲಿಷ್ ಅನುವಾದವನ್ನು ಹಿಡಿಯುವವರು ಕೆರೆಯ ಪ್ರಕರಣದಲ್ಲಿ ಬೇಸತ್ತು ಪುಸ್ತಕ ಮುಚ್ಚದಿರಲಿ.