ಪರನಗರದಲ್ಲಿ ನಿತ್ಯಜೀವನ: ಪೀಟರ್ ಹೆಸ್ಲರನ ‘ರಿವರ್ ಟೌನ್’

ಪರದೇಶವನ್ನು ಕುರಿತ ಬರವಣಿಗೆಯಲ್ಲಿ ಎರಡು ಬಗೆಗಳನ್ನು ನಾವು ಬೇರ್ಪಡಿಸಿ ನೋಡಬೇಕಾಗುತ್ತದೆ. ಒಂದು, ನೋಡಲು ಹೋದವನದು; ಇನ್ನೊಂದು, ಇರಲು ಹೋದವನದು. ಮೊದಲನೆಯವನಿಗೆ ಅಪೂರ್ವವಾದುದೇ ಸಾಮಗ್ರಿ. ಎರಡನೆಯವನಿಗೆ ಆ ಅಪೂರ್ವತೆಯು ಕೆಲವೇ ವಾರಗಳಲ್ಲಿ ಕಳೆದುಹೋಗಿ ಅಂಗಡಿ, ಊಟ, ನೆರೆಹೊರೆ, ಕೆಲಸ, ಬೇಸರ ಇವು ಉಳಿಯುತ್ತವೆ. ಕನ್ನಡದ ಪ್ರವಾಸಸಾಹಿತ್ಯವು ಬಹುಮಟ್ಟಿಗೆ ಮೊದಲನೆಯ ಬಗೆಗೆ ಸೇರಿದುದು. ಕಾರಂತರ ‘ಅಪೂರ್ವ ಪಶ್ಚಿಮ’ದ ಹೆಸರೇ ಆ ದೃಷ್ಟಿಯನ್ನು ಸೂಚಿಸುತ್ತದೆ. ಎರಡನೆಯ ಬಗೆಯ ಕಷ್ಟವನ್ನೂ ಫಲವನ್ನೂ ಪರಿಶೀಲಿಸುವುದಕ್ಕೆ ಅಮೆರಿಕದ ಲೇಖಕನಾದ ಪೀಟರ್ ಹೆಸ್ಲರನ ‘ರಿವರ್ ಟೌನ್’ (2001) ತಕ್ಕ ಗ್ರಂಥವೆಂದು ನಮಗೆ ತೋರಿದೆ.

1969ರಲ್ಲಿ ಜನಿಸಿದ ಹೆಸ್ಲರನು 1996ರಲ್ಲಿ ಪೀಸ್ ಕೋರ್ ಎಂಬ ಅಮೆರಿಕ ಸರಕಾರದ ಸೇವಾಸಂಸ್ಥೆಯ ಮೂಲಕ ಚೀನಾದ ಫೂಲಿಂಗ್ ನಗರಕ್ಕೆ ಬಂದು, ಅಲ್ಲಿನ ಅಧ್ಯಾಪಕರ ತರಬೇತಿ ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದನು. ಯಾಂಗ್‌ತ್ಸೆ ಮಹಾನದಿಗೆ ವೂ ನದಿಯು ಕೂಡುವ ಸ್ಥಳದಲ್ಲಿ, ಕಡಿದಾದ ಬೆಟ್ಟದ ಮೇಲೆ ಈ ನಗರವಿದೆ. ಸಿಚುವಾನ್ ಪ್ರಾಂತಕ್ಕೆ ಸೇರಿದ್ದ ಇದು 1997ರಲ್ಲಿ ಹೊಸದಾಗಿ ರಚಿತವಾದ ಚೋಂಗ್‌ಚಿಂಗ್ ಆಡಳಿತಕ್ಕೆ ಒಳಪಟ್ಟಿತು. ಆಗ ಅಲ್ಲಿಗೆ ರೈಲುಮಾರ್ಗವಿರಲಿಲ್ಲ. ಹೆಸ್ಲರನು ದೋಣಿಯಲ್ಲಿ ಬಂದನು. ಊರೆಲ್ಲ ಮೆಟ್ಟಿಲುಗಳಾದುದರಿಂದ ಚೀನಾದ ಇತರ ನಗರಗಳಲ್ಲಿ ತುಂಬಿದ್ದ ಬೈಸಿಕಲ್ಲುಗಳು ಇಲ್ಲಿ ಇಲ್ಲ. ಬಿದಿರಿನ ದಂಡವನ್ನು ಹೆಗಲಿಗೇರಿಸಿಕೊಂಡ ಹಮಾಲರು ಸರಕನ್ನು ಹೊತ್ತು ಹತ್ತಿ ಇಳಿಯುತ್ತಾರೆ. ಅರ್ಧ ಶತಮಾನದಷ್ಟು ಕಾಲ ಅಮೆರಿಕದವರಾರೂ ವಾಸಿಸದಿದ್ದ ಆ ಊರಿನಲ್ಲಿ, ಹೆಸ್ಲರನೂ ಅವನ ಜೊತೆಗಾರನೂ ಬೀದಿಗೆ ಬಂದರೆ ಜನ ಕೂಗಿ ಕರೆಯುವರು; ನಿಂತರೆ ಗುಂಪು ಸೇರುವರು.

ಈ ಗ್ರಂಥಕ್ಕೆ ಕಥಾವಸ್ತುವೆಂಬುದೊಂದು ಇದ್ದರೆ ಅದು ಭಾಷೆಯ ಕಲಿಕೆ. ಆರಂಭದ ತಿಂಗಳುಗಳಲ್ಲಿ ನಗರವು ಲೇಖಕನಿಗೆ ವಾಹನಗಳ ಕರ್ಕಶವಾದ ಸದ್ದು. ಅಂಗಡಿಯ ಫಲಕಗಳು ಅರ್ಥವಿಲ್ಲದ ಗೆರೆಗಳು. ಪಾಠ ಹೇಳುವ ಚೀನೀ ಶಿಕ್ಷಕರು ಅವನು ತಪ್ಪಿದಾಗಲೆಲ್ಲ ‘ಬು ದುಯ್’, ಎಂದರೆ ‘ಸರಿಯಲ್ಲ’, ಎಂದು ನಿರ್ದಾಕ್ಷಿಣ್ಯವಾಗಿ ನುಡಿಯುವರು. ಹೊಗಳಿಕೆಯಿಂದ ಬೆಳೆದ ಅಮೆರಿಕದ ತರುಣನಿಗೆ ಆ ಮಾತು ಚುಚ್ಚುತ್ತದೆ. ಕ್ರಮೇಣ ಫಲಕದ ಒಂದೊಂದು ಅಕ್ಷರ ತಿಳಿಯತೊಡಗುತ್ತದೆ. ಚಹದಂಗಡಿಯಲ್ಲಿ, ನೂಡಲ್ಸ್ ಅಂಗಡಿಯಲ್ಲಿ ಮಾತು ಬೆಳೆಯುತ್ತದೆ. ಆಗ ಅವನಿಗೆ ತನ್ನಲ್ಲೇ ಎರಡನೆಯ ವ್ಯಕ್ತಿಯೊಬ್ಬನು ಹುಟ್ಟಿದಂತೆ ಅನಿಸುತ್ತದೆ. ‘ಹೊ ವೇಯ್’ ಎಂಬ ಚೀನೀ ಹೆಸರಿನ ಈತನು ತೊದಲುಮಾತಿನವನು, ಮಂದಬುದ್ಧಿಯವನು. ಆದುದರಿಂದಲೇ ಜನರಿಗೆ ಹತ್ತಿರದವನು. ವಿದ್ಯಾವಂತನಾದ ಲೇಖಕನಿಗೆ ದೊರೆಯದ ಸಲಿಗೆ ಈ ಪೆದ್ದನಿಗೆ ದೊರೆಯುತ್ತದೆಂಬ ಗ್ರಹಿಕೆಯು ಗ್ರಂಥದ ಅತ್ಯುತ್ತಮ ಅಂಶಗಳಲ್ಲೊಂದೆಂದು ನಮ್ಮ ಅಭಿಪ್ರಾಯ.

ತರಗತಿಯ ಪ್ರಸಂಗಗಳು ನಮ್ಮ ಅಧ್ಯಾಪಕರಿಗೆ ವಿಶೇಷವಾಗಿ ಮನನೀಯವಾಗಿವೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ರೈತರ ಮಕ್ಕಳು; ಓದು ಮುಗಿಸಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಬೇಕಾದವರು. ಅವರು ‘ಹ್ಯಾಮ್ಲೆಟ್’ ಅನ್ನು ಅಭಿನಯಿಸುತ್ತಾರೆ. ರಾಬಿನ್ ಹುಡ್ ಇಂದಿನ ಚೀನಾದಲ್ಲಿದ್ದರೆ ಒಳ್ಳೆಯವನೆನಿಸುವನೇ ಎಂದು ವಾದಿಸುತ್ತಾರೆ. ಪಠ್ಯಪುಸ್ತಕದಿಂದ ಕಲಿತ ರಾಜಕೀಯದ ಸಿದ್ಧವಾಕ್ಯಗಳು ಒಂದು ಕಡೆ, ಕಾವ್ಯದ ನಾದಕ್ಕೆ ಮನಸೋಲುವ ಶುದ್ಧವಾದ ಸಂವೇದನೆ ಇನ್ನೊಂದು ಕಡೆ, ಒಬ್ಬನೇ ವಿದ್ಯಾರ್ಥಿಯಲ್ಲಿ ಒಟ್ಟಿಗೆ ಇರಬಲ್ಲುವೆಂಬುದನ್ನು ಹೆಸ್ಲರನು ಕಾಣುತ್ತಾನೆ. ಪರಭಾಷೆಯ ಸಾಹಿತ್ಯವನ್ನು ಹಳ್ಳಿಯಿಂದ ಬಂದ ಮಕ್ಕಳಿಗೆ ಕಲಿಸುವ ನಮಗೂ ಈ ಅನುಭವ ಹೊಸದಲ್ಲ. ಆದರೆ ಅದನ್ನು ನಾವು ಇಷ್ಟು ಗಮನವಿಟ್ಟು ದಾಖಲಿಸಿದ್ದೇವೆಯೇ ಎಂಬ ಪ್ರಶ್ನೆ ಏಳದಿರದು.

ಇದೇ ಜಾತಿಯ ಇನ್ನೊಂದು ಗ್ರಂಥದೊಡನೆ ಹೋಲಿಸಿದಾಗ ಹೆಸ್ಲರನ ಸಾಧನೆ ಸ್ಪಷ್ಟವಾಗುತ್ತದೆ. ಮಾರ್ಕ್ ಸಾಲ್ಝ್‌ಮನ್ ಎಂಬಾತನು 1982ರಿಂದ 1984ರವರೆಗೆ ಚಾಂಗ್‌ಶಾ ನಗರದ ವೈದ್ಯಕೀಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತ, ಸಮರಕಲೆಯ ಗುರುವೊಬ್ಬನಲ್ಲಿ ಅಭ್ಯಾಸಮಾಡಿ, ‘ಐರನ್ ಅಂಡ್ ಸಿಲ್ಕ್’ (1986) ಎಂಬ ಪುಸ್ತಕವನ್ನು ಬರೆದನು. ಅದು ಬಿಡಿಬಿಡಿಯಾದ ಪ್ರಸಂಗಗಳ ಮಾಲೆ. ಪ್ರತಿಯೊಂದೂ ಸಣ್ಣಕಥೆಯಂತೆ ಮುದ್ದಾಗಿ ಮುಗಿಯುತ್ತದೆ. ಓದುವುದಕ್ಕೆ ಅದು ಹಿತವಾದುದು, ನಿಜ. ಆದರೆ ನಿತ್ಯಜೀವನವು ಅಷ್ಟು ಚೆನ್ನಾಗಿ ಮುಗಿಯುವುದಿಲ್ಲ. ಹೆಸ್ಲರನು ತನ್ನ ಕೋಪವನ್ನೂ ಅಸಹನೆಯನ್ನೂ, ಗೇಲಿ ಮಾಡಿದವರೊಡನೆ ತಾನು ಜಗಳಕ್ಕೆ ನಿಂತುದನ್ನೂ ಮುಚ್ಚಿಡುವುದಿಲ್ಲ. ಊರನ್ನು ಬಿಡುವ ಕಾಲ ಸಮೀಪಿಸಿದಾಗ ಅವನೂ ಜೊತೆಗಾರನೂ ನೆನಪಿಗಾಗಿ ಬೀದಿಯ ಚಲಚ್ಚಿತ್ರವನ್ನು ತೆಗೆಯಹೋಗಿ, ಕೆರಳಿದ ಗುಂಪಿನಿಂದ ತಪ್ಪಿಸಿಕೊಂಡು ಬರಬೇಕಾಗುತ್ತದೆ. ಎರಡು ವರ್ಷದ ಸ್ನೇಹವಾಗಲಿ ಭಾಷಾಜ್ಞಾನವಾಗಲಿ ಆ ಗಳಿಗೆಯಲ್ಲಿ ನೆರವಿಗೆ ಬರುವುದಿಲ್ಲ. ಕೈಯಲ್ಲಿ ಕ್ಯಾಮರಾ ಹಿಡಿದೊಡನೆ ಅವನು ಮತ್ತೆ ನೋಡಲು ಬಂದವನಾದನೆಂದು ನಾವು ಇದನ್ನು ಅರ್ಥಮಾಡಬಹುದು. ಇಂಥ ಸೋಲನ್ನು ಕೊನೆಯ ಭಾಗದಲ್ಲಿ ಇಟ್ಟುದು ಲೇಖಕನ ಪ್ರಾಮಾಣಿಕತೆಗೆ ಸಾಕ್ಷಿ.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಫೂಲಿಂಗಿನ ಕೆಲವರ ನಡತೆಯಿಂದ ‘ಚೀನಾದವರು’ ಎಂಬ ಸಮಷ್ಟಿಗೆ ಲೇಖಕನು ಆಗಾಗ ಜಿಗಿಯುತ್ತಾನೆ. ವಿಶಾಲವಾದ ದೇಶಕ್ಕೆ ಒಂದು ಊರಿನ ಸಾಕ್ಷ್ಯ ಸಾಲದು. ಬೀದಿ, ದೋಣಿಕಟ್ಟೆ, ಚಹದಂಗಡಿ ಇವು ಕಣ್ಣಿಗೆ ಕಟ್ಟುವಷ್ಟು ಮನೆಯ ಒಳಗಿನ ಬಾಳು ಕಟ್ಟುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಮೂರು ಕಮರಿಗಳ ಅಣೆಕಟ್ಟಿನ ಸಂಬಂಧದಲ್ಲಿ ಏಳುತ್ತದೆ. ಫೂಲಿಂಗಿನೆದುರು ನದಿಯಲ್ಲಿ ‘ಶ್ವೇತ ಕೊಕ್ಕರೆಯ ದಿಣ್ಣೆ’ ಎಂಬ ಬಂಡೆಸಾಲಿದೆ. ಚಳಿಗಾಲದಲ್ಲಿ ನೀರು ಇಳಿದಾಗ ಮಾತ್ರ ಕಾಣುತ್ತಿದ್ದ ಅದರ ಮೇಲೆ, ಟಾಂಗ್ ರಾಜವಂಶದ ಕಾಲದಿಂದ ಜನರು ಮೀನುಗಳನ್ನೂ ಶಾಸನಗಳನ್ನೂ ಕೆತ್ತಿ ನೀರಿನ ಮಟ್ಟವನ್ನು ಗುರುತಿಸಿದ್ದರು. ಇದು ಮುಳುಗುವುದೆಂದು ಲೇಖಕನು ವ್ಯಥೆಪಡುತ್ತಾನೆ. ಊರಿನವರ ನಿರಾತಂಕವು ಅವನಿಗೆ ವಿಸ್ಮಯವನ್ನುಂಟುಮಾಡುತ್ತದೆ. ಇಲ್ಲಿ ನಾವು ಎಚ್ಚರಿಕೆಯಿಂದ ಓದಬೇಕು. ಎರಡು ವರ್ಷದ ಬಳಿಕ ಹೊರಡುವವನಿಗೆ ಊರು ಇದ್ದಂತೆಯೇ ಇರಬೇಕೆಂಬ ಆಸೆ ಸಹಜ. ಅಲ್ಲಿಯೇ ಬಾಳಬೇಕಾದವರಿಗೆ ವಿದ್ಯುತ್ತೂ ರಸ್ತೆಯೂ ಬೇಕೆಂಬ ಆಸೆಯೂ ಅಷ್ಟೇ ಸಹಜ. ಲೇಖಕನು ಈ ವ್ಯತ್ಯಾಸವನ್ನು ಅರಿತಿದ್ದಾನೆ. ಆದರೂ ಬರಹದ ಭಾವವು ಮೊದಲನೆಯದರ ಕಡೆಗೇ ವಾಲುತ್ತದೆ.

2003ರಲ್ಲಿ ಜಲಾಶಯವು ತುಂಬತೊಡಗಿತು. ಬಂಡೆಸಾಲನ್ನು ನೀರೊಳಗೇ ಕಾಣಿಸುವ ವಸ್ತುಸಂಗ್ರಹಾಲಯವು 2009ರಲ್ಲಿ ತೆರೆಯಿತು. ಚೀನಾದಲ್ಲಿ ಪೀಸ್ ಕೋರ್ ಕಾರ್ಯವನ್ನು ಕೊನೆಗೊಳಿಸುವ ನಿರ್ಧಾರವು 2020ರಲ್ಲಿ ಪ್ರಕಟವಾಯಿತು. ಹೆಸ್ಲರನು 2019ರಲ್ಲಿ ಚೆಂಗ್‌ಡು ನಗರಕ್ಕೆ ಅಧ್ಯಾಪಕನಾಗಿ ಮರಳಿ, ಆ ಅನುಭವವನ್ನು ‘ಅದರ್ ರಿವರ್ಸ್’ (2024) ಎಂಬ ಗ್ರಂಥದಲ್ಲಿ ಬರೆದನು. ಹೀಗೆ ಮೊದಲ ಗ್ರಂಥದ ಊರೂ ಅದನ್ನು ಸಾಧ್ಯವಾಗಿಸಿದ ಏರ್ಪಾಡೂ ಈಗ ಹಿಂದಿನ ರೂಪದಲ್ಲಿ ಉಳಿದಿಲ್ಲ. ಆದರೂ ಗ್ರಂಥದ ಬೆಲೆಯು ತಗ್ಗದು. ಪರನಗರವೊಂದರಲ್ಲಿ ತಾನು ಪ್ರತಿದಿನವೂ ತಪ್ಪು ಮಾಡುವವನೆಂಬುದನ್ನು ಒಪ್ಪಿಕೊಂಡು ಕಲಿಯುವುದು ಹೇಗೆಂಬುದಕ್ಕೆ ಅದು ಒಂದು ವಿಶ್ವಾಸಾರ್ಹವಾದ ನಿದರ್ಶನ. ಇಂದು ನಮ್ಮ ವಿದ್ಯಾರ್ಥಿಗಳೂ ಓದಿಗಾಗಿ ಹೊರನಾಡುಗಳಲ್ಲಿ ವರ್ಷಗಟ್ಟಲೆ ನೆಲಸುತ್ತಿದ್ದಾರೆ. ಅವರಲ್ಲಿ ಯಾರಾದರೂ ತಾವು ಬಾಳಿದ ಊರನ್ನು ಕುರಿತು ಇಷ್ಟು ತಾಳ್ಮೆಯಿಂದ ಬರೆದರೆ ಕನ್ನಡಕ್ಕೆ ಲಾಭವಾದೀತು.