ಬಾವಿಗೆ ಬಗ್ಗಿ ನೋಡಬೇಕಾದ ಹಸಿರು

ಬೆಳ್ತಂಗಡಿ ತಾಲೂಕಿನ ಅಳದಂಗಡಿಯಲ್ಲಿ ಬೆಳೆದವರಿಗೆ ಮಳೆ ಸಾಲದು ಎಂಬ ಮಾತೇ ಹೊಸದು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಸುರಿಯುವ ಸೀಮೆ ನಮ್ಮದು. ಆದರೂ 2019ರ ಮೇ ತಿಂಗಳಲ್ಲಿ ನೇತ್ರಾವತಿ ನದಿ ಸೊರಗಿ, ಯಾತ್ರೆಯನ್ನು ಕೆಲವು ದಿನ ಮುಂದಕ್ಕೆ ಹಾಕಿ ಎಂದು ಧರ್ಮಸ್ಥಳದ ಧರ್ಮಾಧಿಕಾರಿ ವೀರೇಂದ್ರ ಹೆಗ್ಗಡೆಯವರು ಭಕ್ತರನ್ನು ಕೇಳಿಕೊಳ್ಳಬೇಕಾಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಚಾರ್ಮಾಡಿ ಕಡೆಯ ತೋಟಗಳಿಗೆ ನೆರೆ ನುಗ್ಗಿತು. ವಿದ್ಯಾಸಂಸ್ಥೆಗಳ ‘ಹಸಿರು ಕ್ಯಾಂಪಸ್’ ಕೆಲಸವನ್ನು ನಾನು ಈ ಎರಡು ತಿಂಗಳನ್ನು ನೆನಪಿಟ್ಟುಕೊಂಡೇ ನೋಡುತ್ತೇನೆ.

ಕೆಲಸ ಬೆಳೆದಿದೆ, ಸುಳ್ಳಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1991ರಲ್ಲಿ ಕೊಟ್ಟ ಆದೇಶ ಪರಿಸರ ಪಾಠವನ್ನು ತರಗತಿಗೆ ತಂದಿತು. ಮುಂದೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಏಳನೇ ಮಾನದಂಡ ಸೌರಶಕ್ತಿ, ಮಳೆಕೊಯ್ಲು, ಕಸದ ವಿಲೇವಾರಿ, ಹಸಿರು ಆಡಿಟ್ ಎಲ್ಲವನ್ನೂ ಕೇಳಿತು. ಕೇಳದೆ ಹೋಗಿದ್ದರೆ ಎಷ್ಟೋ ಕಡೆ ಇಷ್ಟೂ ಆಗುತ್ತಿರಲಿಲ್ಲ. ಆದರೆ ‘ಇದೆಯೇ’ ಎಂಬ ಪ್ರಶ್ನೆಗೆ ಫೋಟೋ, ಪ್ರಮಾಣಪತ್ರ ಲಗತ್ತಿಸಿದರೆ ಮುಗಿಯಿತು. ಒಂದು ಕಾಲೇಜಿನಲ್ಲಿ ಕಣ್ಣಾರೆ ಕಂಡೆ: ಇಂಗುಗುಂಡಿ ಇದೆ, ಫಲಕವೂ ಇದೆ. ಪೈಪಿನ ಬಾಯಿಗೆ ಹಿಂದಿನ ವರ್ಷದ ತರಗೆಲೆ ಮೆತ್ತಿಕೊಂಡು, ಜೂನ್ ತಿಂಗಳ ನೀರು ಗುಂಡಿಯ ಮಗ್ಗುಲಲ್ಲೇ ಕೆಂಪಾಗಿ ಚರಂಡಿಗೆ ಹರಿಯುತ್ತಿತ್ತು. ನನಗೆ ಸಂಕಟವಾಯಿತು.

ಇದರ ಪಕ್ಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಿರುಕಾಡನ್ನು ಇಟ್ಟು ನೋಡಬೇಕು. 1983ರಲ್ಲಿ ಮಾಧವ ಗಾಡ್ಗೀಳರು ಅಲ್ಲಿ ಪರಿಸರ ವಿಜ್ಞಾನ ಕೇಂದ್ರ ಕಟ್ಟಿದ ಮೇಲೆ, ಸುಮಾರು ಒಂದೂವರೆ ಹೆಕ್ಟೇರ್ ಕುರುಚಲು ಜಾಗದಲ್ಲಿ ಪಶ್ಚಿಮಘಟ್ಟದ ಗಿಡಗಳು ಬೇರೂರಿದವು. ನಮ್ಮ ಘಟ್ಟದ 49 ಜಾತಿಯವು! ಅಂದು 60–70 ಮೀಟರ್ ಆಳದಲ್ಲಿದ್ದ ಅಂತರ್ಜಲ ಮುಂದೆ ಮೂರೂವರೆ ಮೀಟರಿನ ಹತ್ತಿರಕ್ಕೆ ಬಂತು, ಕಾಡಿನೊಳಗೆ ಬಿಸಿಯೂ ಎರಡು ಡಿಗ್ರಿ ಇಳಿಯಿತು ಎಂದು ಅಲ್ಲಿನ ವಿಜ್ಞಾನಿ ಟಿ.ವಿ. ರಾಮಚಂದ್ರ ಬರೆದಿದ್ದಾರೆ. ನಗರದ ಒಡೆದ ಕೊಳವೆಗಳಿಂದ ಸೋರುವ ನೀರಿನ ಪಾಲೂ ಇದರಲ್ಲಿರಬಹುದಲ್ಲ ಎಂದು ಯಾರಾದರೂ ತಕರಾರು ತೆಗೆದರೆ ನಾನು ಒಪ್ಪುತ್ತೇನೆ. ಆದರೆ ತಕರಾರಿಗೂ ಅಲ್ಲಿ ಅಂಕಿ ಸಿಗುತ್ತದೆ. ವನಮಹೋತ್ಸವದ ಫೋಟೋದಲ್ಲಿ ಅದಕ್ಕೂ ಗತಿಯಿಲ್ಲ.

ನಮ್ಮ ತಾಲೂಕಿನಲ್ಲೇ ಇನ್ನೂ ಹಳೆಯ ಮಾದರಿಯೊಂದಿದೆ. 1940ರಲ್ಲಿ ಧರ್ಮಸ್ಥಳದ ಮಂಜಯ್ಯ ಹೆಗ್ಗಡೆಯವರು ಉಜಿರೆಯಲ್ಲಿ ತೆರೆದ ಸಿದ್ಧವನ ಗುರುಕುಲದ ಹುಡುಗರಿಗೆ ಓದಿನ ಜೊತೆಗೆ ಹಟ್ಟಿ, ತರಕಾರಿ ತೋಟ, ಅಂಗಳದ ಕೆಲಸವೂ ಇತ್ತು. ಸಗಣಿ ಎಲ್ಲಿಗೆ ಹೋಗುತ್ತದೆ, ಬಸಳೆಯ ಬುಡಕ್ಕೆ ಎಷ್ಟು ಕೊಡ ನೀರು ಬೇಕು ಎಂಬುದು ಆ ಹುಡುಗರ ಕೈಗೇ ಗೊತ್ತಿತ್ತು. ಇಂದಿನ ದೊಡ್ಡ ಹಾಸ್ಟೆಲುಗಳಲ್ಲಿ ತಟ್ಟೆಯಲ್ಲಿ ಬಿಟ್ಟ ಅನ್ನ ಎಲ್ಲಿ ಹೋಯಿತೆಂದು ಮಕ್ಕಳಿಗೆ ತಿಳಿಯುವುದೇ ಇಲ್ಲ. ಆ ಅನ್ನ ಸೇರುವ ಗೋಬರ್ ಗ್ಯಾಸ್ ಘಟಕ ಎಷ್ಟೇ ಚೆನ್ನಾಗಿದ್ದರೂ ಅದು ಗುತ್ತಿಗೆದಾರನ ವಿದ್ಯೆಯಾಗಿಯೇ ಉಳಿಯುತ್ತದೆ.

ಹಾಗೆಂದು ಆಸೆ ಬಿಟ್ಟಿಲ್ಲ. 2016ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯ ಆಳ್ವಾಸ್ ವಿದ್ಯಾಸಂಸ್ಥೆಯಲ್ಲಿ ನಡೆದ ಕೆರೆಗಳ ಸಮ್ಮೇಳನದಲ್ಲಿ ವಿಜ್ಞಾನಿಗಳ ಜೊತೆಗೆ ಶಾಲಾ ಮಕ್ಕಳಿಗೂ ಪ್ರಬಂಧ ಮಂಡಿಸಲು ಜಾಗವಿತ್ತು. ಆ ಉತ್ಸಾಹ ಕೊಣಾಜೆಯ ಗುಡ್ಡಕ್ಕೂ ಏರಲಿ. 1980ರಲ್ಲಿ ಶುರುವಾದ ಮಂಗಳೂರು ವಿಶ್ವವಿದ್ಯಾಲಯಕ್ಕೆ ಅಲ್ಲಿ ಸುಮಾರು 350 ಎಕರೆ ಮುರಕಲ್ಲಿನ ನೆಲವಿದೆ. ಸುರಹೊನ್ನೆ, ಪುನರ್ಪುಳಿ, ಹೆಬ್ಬಲಸಿನ ನಾಲ್ಕು ಎಕರೆ ಬನ, ಅದರ ಕೆಳಗೊಂದು ಬಾವಿ, ನೀರಿನ ಮಟ್ಟ ಅಳೆಯಲು ಗಂಟು ಹಾಕಿದ ಹಗ್ಗ, ಒಂದು ನೋಟ್‌ಬುಕ್ಕು ಸಾಕು.

ನಮ್ಮ ಬಾವಿಯ ಮುರಕಲ್ಲಿನ ಒಳಮೈಯಲ್ಲಿ ಅಪ್ಪ ಕೊರೆದ ಗೆರೆಗಳಿವೆ, ಕೋಲಿಗೊಂದರಂತೆ. ಮಳೆಗಾಲಕ್ಕೆ ಮುನ್ನ ಬರುವ ಪತ್ತನಾಜೆಯ ದಿನ ಅವರು ಬಗ್ಗಿ ನೋಡಿ, ಮೇಲಿನಿಂದ ಗೆರೆ ಎಣಿಸಿ, ಅಡಿಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಅಂಕಿ ಬರೆಯುತ್ತಿದ್ದರು.